ನಗರ ಕಟ್ಟುವ ಆಟವೂ ನಮ್ಮ ಬಹುಮಾನದ ಹುಚ್ಚೂ

ವಿಡಿಯೋ ಆಟದ ಮೂಲಕ ಪಾಠ ಕಲಿಸುವುದು ತರವೇ ಎಂಬ ಚರ್ಚೆ ನನ್ನ ಮಟ್ಟಿಗೆ ಎಂದೋ ಮುಗಿದಿದೆ. ಚೌಕಾಬಾರದ ಕವಡೆಗಳಿಂದ ಕೂಡುವ ಲೆಕ್ಕ ಕಲಿತವರು ನಾವು. ಆಟವೆಂದ ಮಾತ್ರಕ್ಕೆ ಮೂಗು ಮುರಿಯುವುದು ನಮಗೆ ಶೋಭಿಸದು. ನನ್ನ ಜಗಳವಿರುವುದು ಆಟವನ್ನು ಪರೀಕ್ಷಕನ ಕುರ್ಚಿಯಲ್ಲಿ ಕೂರಿಸಲು ಹೊರಟವರೊಡನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಶಾಲೆಗಳ ಆಡಳಿತ ಮಂಡಳಿಗಳಲ್ಲಿ ಇದ್ದೀರಿ. ಆದ್ದರಿಂದ ಈ ಮಾತುಗಳನ್ನು ನಿಮ್ಮನ್ನೇ ಉದ್ದೇಶಿಸಿ ಬರೆಯುತ್ತಿದ್ದೇನೆ. ಉಳಿದವರು ಪಕ್ಕದಲ್ಲಿ ಕುಳಿತು ಕೇಳಬಹುದು.

ಇದಕ್ಕೆಲ್ಲ ಮಾದರಿಯೆಂದು ನೀವು ತೋರಿಸುತ್ತಿರುವುದು ಅಮೆರಿಕದ ‘ಫ್ಯೂಚರ್ ಸಿಟಿ’ ಸ್ಪರ್ಧೆಯನ್ನು. ಅದು ಆರಂಭವಾದದ್ದು 1992-93ರ ಶಾಲಾ ವರ್ಷದಲ್ಲಿ. ಆರರಿಂದ ಎಂಟನೆಯ ತರಗತಿಯ ಮಕ್ಕಳು ಒಬ್ಬ ಅಧ್ಯಾಪಕರು ಹಾಗೂ ಸ್ವಯಂಪ್ರೇರಣೆಯಿಂದ ಬರುವ ಒಬ್ಬ ಎಂಜಿನಿಯರರ ಮಾರ್ಗದರ್ಶನದಲ್ಲಿ ತಂಡ ಕಟ್ಟಿಕೊಂಡು, ನೂರು ವರ್ಷಗಳಾಚೆಯ ನಗರವೊಂದನ್ನು ಕಲ್ಪಿಸಬೇಕು. ಬಹಳ ವರ್ಷಗಳ ಕಾಲ ಅದರ ಮೊದಲ ಮೆಟ್ಟಿಲಾಗಿದ್ದದ್ದು ‘ಸಿಮ್‌ಸಿಟಿ’ ಎಂಬ ಗಣಕದ ಆಟ. ಮೊದಲ ಮೆಟ್ಟಿಲು ಎಂದೆ, ಗಮನಿಸಿ. ಅದರ ಮೇಲೆ 1,500 ಪದಗಳ ಪ್ರಬಂಧವಿತ್ತು. ಮರುಬಳಕೆಯ ವಸ್ತುಗಳಿಂದ 100 ಡಾಲರಿನ ಮಿತಿಯೊಳಗೆ, ಚಲಿಸುವ ಒಂದು ಭಾಗವಾದರೂ ಇರುವಂತೆ ಕಟ್ಟಬೇಕಾದ ಪ್ರತಿಕೃತಿಯಿತ್ತು. ಕೊನೆಯಲ್ಲಿ ತೀರ್ಪುಗಾರರ ಮುಂದೆ ನಿಂತು ತಮ್ಮ ನಗರವನ್ನು ಸಮರ್ಥಿಸಿಕೊಳ್ಳುವ ಪರೀಕ್ಷೆಯಿತ್ತು. ನೀವು ತರಲು ಹೊರಟಿರುವುದು ಮೊದಲ ಮೆಟ್ಟಿಲನ್ನು ಮಾತ್ರ. ಅದೂ ಏಕೆಂದರೆ, ಅದೊಂದನ್ನೇ ಹಣ ಕೊಟ್ಟು ಕೊಳ್ಳಲು ಸಾಧ್ಯ.

ಆ ಆಟದ ಹುಟ್ಟನ್ನು ಸ್ವಲ್ಪ ನೋಡಬೇಕು. ವಿಲ್ ರೈಟ್ ಎಂಬಾತ 1984ರಲ್ಲಿ ಹೆಲಿಕಾಪ್ಟರಿನಿಂದ ಬಾಂಬು ಹಾಕುವ ಆಟವೊಂದನ್ನು ರಚಿಸಿದ. ದ್ವೀಪಗಳ ಮೇಲೆ ಬಾಂಬು ಹಾಕುವುದಕ್ಕಿಂತ ಆ ದ್ವೀಪಗಳಲ್ಲಿ ರಸ್ತೆ, ಕಟ್ಟಡಗಳನ್ನು ಜೋಡಿಸುವುದೇ ತನಗೆ ಹೆಚ್ಚು ಸಂತೋಷ ಕೊಡುತ್ತಿದೆ ಎಂಬುದು ಅವನಿಗೆ ಆಗ ತಿಳಿಯಿತು. ಆ ಸಂತೋಷವೇ ಬೆಳೆದು 1989ರಲ್ಲಿ ‘ಸಿಮ್‌ಸಿಟಿ’ಯಾಗಿ ಹೊರಬಂತು. ಅದಕ್ಕೆ ಮೊದಲು ಪ್ರಕಾಶಕರು ಅದನ್ನು ಒಪ್ಪಲು ಹಿಂಜರಿದಿದ್ದರು. ಏಕೆಂದರೆ ಆ ಆಟದಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ನಗರವು ಬೆಳೆಯುತ್ತ, ಕೆಡುತ್ತ, ದುರಸ್ತಿಯಾಗುತ್ತ ಹೋಗುವುದೇ ಅದರ ಸ್ವಾರಸ್ಯ. ಗೆಲುವಿಲ್ಲದೆ ಹುಟ್ಟಿದ ಆಟವೊಂದನ್ನು ತಂದು, ಪರದೆಯ ಮೇಲಿನ ಜನಸಂಖ್ಯೆಯ ಅಂಕಿ ನೋಡಿ ಪ್ರಥಮ, ದ್ವಿತೀಯ, ತೃತೀಯ ಎಂದು ಘೋಷಿಸುವ ಸಾಮರ್ಥ್ಯ ಬಹುಶಃ ನಮಗೆ ಮಾತ್ರ ಸಿದ್ಧಿಸಿದೆ.

ಬರಿಯ ಅಂಕಿಯನ್ನೇ ಬೆನ್ನಟ್ಟಿದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿಯೂ ಇದೆ. ಫಿಲಿಪ್ಪೀನ್ಸ್‌ನ ವಾಸ್ತುಶಿಲ್ಪದ ವಿದ್ಯಾರ್ಥಿ ವಿನ್ಸೆಂಟ್ ಒಕಾಸ್ಲಾ ಎಂಬಾತ ‘ಸಿಮ್‌ಸಿಟಿ 3000’ ಆಟದಲ್ಲಿ ಸುಮಾರು 60 ಲಕ್ಷ ಜನಸಂಖ್ಯೆಯ ‘ಮ್ಯಾಗ್ನಸಾಂಟಿ’ ಎಂಬ ನಗರವನ್ನು ಕಟ್ಟಿ 2010ರಲ್ಲಿ ಲೋಕಕ್ಕೆ ತೋರಿಸಿದ. ಅದರ ನಕ್ಷೆಗೆ ಅವನಿಗೆ ಸ್ಫೂರ್ತಿ ನೀಡಿದ್ದು ಬೌದ್ಧರ ಭವಚಕ್ರ. ರಸ್ತೆಯಿಲ್ಲ, ಎಲ್ಲರೂ ನೆಲದಡಿಯ ರೈಲಿನಲ್ಲಿ ಹೋಗಬೇಕು. ಎಲ್ಲೆಲ್ಲೂ ಪೊಲೀಸರು. ನಾಗರಿಕರು ಐವತ್ತರ ಆಸುಪಾಸಿನಲ್ಲಿ ಸಾಯುತ್ತಾರೆ. ಆಟದ ಲೆಕ್ಕದಲ್ಲಿ ಅದು ಪರಿಪೂರ್ಣ ನಗರ. ಕಟ್ಟಿದವನೇ ಅದನ್ನು ಎಚ್ಚರಿಕೆಯ ಚಿತ್ರವಾಗಿ ಮುಂದಿಟ್ಟಿದ್ದ. ನೀವು ಹೇಳುತ್ತಿರುವ ನಿಯಮದ ಪ್ರಕಾರ ಆ ನಗರಕ್ಕೆ ಚಿನ್ನದ ಪದಕ ಕೊಡಬೇಕಾಗುತ್ತದೆ. (ನನ್ನ ವಯಸ್ಸಿನವರು ಅಲ್ಲಿ ಇರುವಂತೆಯೇ ಇಲ್ಲವಾದ್ದರಿಂದ ತೀರ್ಪುಗಾರನಾಗಿ ನಾನು ಬರಲಾರೆ.)

ಯಂತ್ರಕ್ಕೆ ಪಕ್ಷಪಾತವಿಲ್ಲ ಎಂಬ ನಂಬಿಕೆಯೇ ಇಲ್ಲಿ ದೊಡ್ಡ ಅಪಾಯ. ವಿಲ್ ರೈಟ್‌ನ ಮೇಲೆ ಪ್ರಭಾವ ಬೀರಿದ ಗ್ರಂಥಗಳಲ್ಲಿ ಒಂದು ಜೇ ಫಾರೆಸ್ಟರ್ ಎಂಬ ಪ್ರಾಧ್ಯಾಪಕರು 1969ರಲ್ಲಿ ಪ್ರಕಟಿಸಿದ ‘ಅರ್ಬನ್ ಡೈನಮಿಕ್ಸ್’. ಬಡವರಿಗಾಗಿ ಅಗ್ಗದ ಮನೆಗಳನ್ನು ಕಟ್ಟಿಸಿದರೆ ನಗರದ ಸ್ಥಿತಿ ಇನ್ನಷ್ಟು ಕೆಡುತ್ತದೆ ಎಂಬ ನಿರ್ಣಯ ಅವರ ಗಣಕದಿಂದ ಹೊರಟಿತ್ತು, ಅದಕ್ಕಾಗಿ ದೊಡ್ಡ ವಾದವೇ ನಡೆಯಿತು. ಸೂತ್ರವನ್ನು ಬರೆದವನ ಊಹೆ ಸೂತ್ರದೊಳಗೆ ಅಡಗಿರುತ್ತದೆ, ಅಷ್ಟೆ. ಇನ್ನೊಂದು ನಿದರ್ಶನ ನನಗೆ ಇದಕ್ಕಿಂತ ಪ್ರಿಯವಾದದ್ದು. 2013ರ ‘ಸಿಮ್‌ಸಿಟಿ’ಯ ಮುಖ್ಯ ವಿನ್ಯಾಸಕಾರ ಸ್ಟೋನ್ ಲಿಬ್ರಾಂಡ್ ನಿಜವಾದ ಊರುಗಳನ್ನು ಅಳೆದು ನೋಡಿದಾಗ ವಾಹನ ನಿಲುಗಡೆಯ ಜಾಗವೇ ಊರನ್ನು ನುಂಗಿರುವುದು ಕಂಡುಬಂದಿತು. ಅದನ್ನು ಅದೇ ಪ್ರಮಾಣದಲ್ಲಿ ತೋರಿಸಿದರೆ ಆಟ ನೀರಸವಾಗುತ್ತದೆಂದು ನಿಲುಗಡೆಗಳೆಲ್ಲ ನೆಲದಡಿಯಲ್ಲಿ ಇವೆಯೆಂದು ಭಾವಿಸಿಕೊಂಡರಂತೆ! ಆಟಕ್ಕೆ ಅದು ಸಲ್ಲುತ್ತದೆ. ಆದರೆ ಏಳನೆಯ ತರಗತಿಯ ಹುಡುಗ ಅದನ್ನು ನಗರದ ನಿಯಮವೆಂದು ಕಲಿತರೆ? ಅವನಿಗೆ ಆ ಗುಟ್ಟನ್ನು ಹೇಳಲು ಒಬ್ಬ ಅಧ್ಯಾಪಕ ಪಕ್ಕದಲ್ಲಿ ಇರಬೇಡವೇ?

ಸಮಾಜ ವಿಜ್ಞಾನದ ಮೇಷ್ಟರಾಗಿ ನನ್ನ ಮೂಲಭೂತ ತಕರಾರು ಇನ್ನೊಂದಿದೆ. ಆಟ ಆರಂಭವಾಗುವಾಗ ಭೂಮಿ ಖಾಲಿಯಾಗಿರುತ್ತದೆ. ಹಳ್ಳಿಯಿಲ್ಲ, ಗೋಮಾಳವಿಲ್ಲ, ಸ್ಮಶಾನವಿಲ್ಲ, ಕೋರ್ಟಿಗೆ ಹೋಗುವ ದಾಯಾದಿಗಳಿಲ್ಲ. ಯಾವ ಊರಿನ ನೆಲ ಹಾಗಿತ್ತು? ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿದೆ ಎಂದು ನಿಮಗೆ ಎಂಟನೆಯ ತರಗತಿಯಲ್ಲಿ ಹೇಳಿದ್ದು ನೆನಪಿರಬಹುದು.

ಕಳೆದ ವರ್ಷ ಒಂದು ಶಾಲೆಯವರು (ಹೆಸರು ಬೇಡ) ಇಂತಹುದೇ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ನಾಲ್ಕು ಹೆಣ್ಣುಮಕ್ಕಳ ತಂಡವೊಂದು ಪರದೆಯ ಮೇಲಿನ ನೀರನ್ನು ಮುಚ್ಚದೆ, ಅದರ ಸುತ್ತ ಊರು ಕಟ್ಟಿತ್ತು. ಏಕೆಂದು ಕೇಳಿದೆ. “ಮಳೆ ಬಂದರೆ ನೀರು ಎಲ್ಲಿಗೆ ಹೋಗಬೇಕು, ಸಾರ್?” ಎಂದು ಅವರಲ್ಲಿ ಚಿಕ್ಕವಳು ನನ್ನನ್ನೇ ಪ್ರಶ್ನಿಸಿದಳು. ಅವರಿಗೆ ಕೊನೆಯ ಸ್ಥಾನ ಬಂತು. ಕೆರೆ ಮುಚ್ಚಿ ಗೋಪುರಗಳನ್ನು ಎಬ್ಬಿಸಿದ ತಂಡ ಮೊದಲ ಸ್ಥಾನ ಪಡೆಯಿತು, ಏಕೆ ಹಾಗೆ ಮಾಡಿದಿರಿ ಎಂಬ ಪ್ರಶ್ನೆಗೆ ಆ ಹುಡುಗರು ಕೊಟ್ಟ ಉತ್ತರ, “ಸ್ಕೋರ್ ಜಾಸ್ತಿ ಬರುತ್ತೆ.” ಅವರ ತಪ್ಪಲ್ಲ, ಅವರಿಗೆ ಕೇಳಿದ್ದೇ ಅದು. ನಾನು ಆಕ್ಷೇಪಿಸಿದಾಗ ಸಂಯೋಜಕರು, ಫಲಿತಾಂಶವನ್ನು ಕಂಪ್ಯೂಟರ್ ನಿರ್ಧರಿಸಿದೆ, ಅದರಲ್ಲಿ ಮನುಷ್ಯರ ಕೈವಾಡವಿಲ್ಲ ಎಂದು ಹೆಮ್ಮೆಯಿಂದ ನುಡಿದರು. ಹಾಗಿದ್ದರೆ ನನ್ನನ್ನು ಹಾರ ಹಾಕಿಸಿಕೊಳ್ಳಲು ಕರೆದಿರಾ ಎಂದು ಕೇಳಿ, ಫಲಿತಾಂಶದ ಹಾಳೆಗೆ ಸಹಿ ಹಾಕದೆ ಬಂದೆ. ಹಾರವನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದೆನೆಂದು ನನ್ನ ಹೆಂಡತಿಗೆ ಇಂದಿಗೂ ಬೇಸರ.

ಈಗ ಅದರ ಪಕ್ಕದಲ್ಲಿ ‘ಫ್ಯೂಚರ್ ಸಿಟಿ’ಯವರ 2017-18ರ ವಿಷಯವನ್ನು ಇಟ್ಟು ನೋಡಿ: ವಯೋವೃದ್ಧರಿಗೆ ಅನುಕೂಲವಾದ ನಗರ. ಹನ್ನೆರಡು ವರ್ಷದ ಮಕ್ಕಳು ಮುದುಕರ ಕಷ್ಟವೊಂದನ್ನು ಗುರುತಿಸಿ ಅದಕ್ಕೆ ಪರಿಹಾರ ರೂಪಿಸಬೇಕಿತ್ತು. ಇದನ್ನು ಪರದೆ ಕಲಿಸಲಾರದು, ಅಜ್ಜಿಯನ್ನು ಕೇಳಬೇಕು. ಅಮೆರಿಕದಲ್ಲಿರುವ ನನ್ನ ತಂಗಿಯ ಮೊಮ್ಮಗ ಆ ವರ್ಷ ಫೋನಿನಲ್ಲಿ ನನ್ನನ್ನು ಮುಕ್ಕಾಲು ಗಂಟೆ ಪ್ರಶ್ನಿಸಿದ್ದ: ಮೆಟ್ಟಿಲು ಎಷ್ಟು ಎತ್ತರವಿದ್ದರೆ ಮೊಣಕಾಲು ನೋಯುತ್ತದೆ, ರಾತ್ರಿ ಎಷ್ಟು ಸಲ ಏಳುತ್ತೀರಿ, ಬಸ್ಸಿಗಾಗಿ ಎಷ್ಟು ಹೊತ್ತು ನಿಲ್ಲಬಲ್ಲಿರಿ. ಅದಕ್ಕೆ ಮೊದಲು ಅವನು ನನ್ನೊಡನೆ ಐದು ನಿಮಿಷ ಮಾತನಾಡಿದ್ದಿಲ್ಲ. ಅವನ ತಂಡ ಪ್ರಾದೇಶಿಕ ಸುತ್ತನ್ನೂ ದಾಟಲಿಲ್ಲ.

ಅಲ್ಲಿನದು ದೋಷರಹಿತ ಎಂದು ನಾನು ವಾದಿಸುತ್ತಿಲ್ಲ. 100 ಡಾಲರಿನ ಮಿತಿ ಹಾಕಿ ಖರ್ಚಿನ ಲೆಕ್ಕ ಕೇಳುವುದು ಒಳ್ಳೆಯ ನಿಯಮವೇ. ಆದರೆ ಎಂಜಿನಿಯರ್ ತಂದೆಯ ಬುದ್ಧಿಗೆ, ಮನೆಯ ಗ್ಯಾರೇಜಿನಲ್ಲಿರುವ ಉಪಕರಣಗಳಿಗೆ ರಸೀತಿ ಇರುವುದಿಲ್ಲ. ಈ ರೋಗ ನಮಗೂ ಹೊಸದಲ್ಲ. ನಮ್ಮ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಥರ್ಮಾಕೋಲಿನ ಅಣೆಕಟ್ಟು ಕಟ್ಟಿದ್ದ ಸೋದರಮಾವ ಯಾರೆಂದು ನಿಮ್ಮಲ್ಲಿ ಒಬ್ಬನಿಗೆ ಚೆನ್ನಾಗಿ ಗೊತ್ತು. ಅಂದು ಅದನ್ನು ಹೊರಗೆಳೆದದ್ದು ಎರಡೇ ಎರಡು ಪ್ರಶ್ನೆ: ತೂಬು ಎಲ್ಲಿ? ನೀರು ಯಾವ ಕಡೆಗೆ ಹರಿಯುತ್ತದೆ? ಎದುರಿಗೆ ನಿಂತು ಪ್ರಶ್ನಿಸುವ ಮನುಷ್ಯನಿದ್ದರೆ ಎರವಲು ಬುದ್ಧಿ ಬಹಳ ಹೊತ್ತು ನಿಲ್ಲದು.

ಆದ್ದರಿಂದ ಆಟವನ್ನು ಧಾರಾಳವಾಗಿ ತನ್ನಿ. ಒಂದು ತಿಂಗಳು ಮಕ್ಕಳು ಊರು ಕಟ್ಟಲಿ, ಕೆಡವಲಿ, ತೆರಿಗೆ ಏರಿಸಿ ಜನರಿಂದ ಬೈಸಿಕೊಳ್ಳಲಿ. ಅದಕ್ಕೆ ಒಂದು ಅಂಕವನ್ನೂ ಕೊಡಬೇಡಿ. ಅಂಕ ಕೊಡಬೇಕಾದದ್ದು ಬಳಿಕದ ಕೆಲಸಕ್ಕೆ: ಆಟ ಎಲ್ಲಿ ಸುಳ್ಳು ಹೇಳಿತು ಎಂದು ಕನ್ನಡದಲ್ಲಿ ಬರೆದ ನಾಲ್ಕು ಪುಟಕ್ಕೆ, ಊರಿನ ಒಂದು ಬೀದಿಯನ್ನು ನಡೆದು ಅಳೆದು ತಂದ ನಕ್ಷೆಗೆ, ಪಂಚಾಯಿತಿಯ ನೀರುಗಂಟಿಯ ಎದುರು ನಿಂತು ಕೊಟ್ಟ ಉತ್ತರಕ್ಕೆ. ನಲವತ್ತು ಮಕ್ಕಳ ನಾಲ್ಕು ಪುಟವೆಂದರೆ ನೂರ ಅರವತ್ತು ಪುಟ. ಅವನ್ನು ತಿದ್ದಲು ಒಬ್ಬ ಅಧ್ಯಾಪಕನಿಗೆ ಎರಡು ವಾರ ಬೇರೆ ಕೆಲಸ ಕೊಡದೆ ಬಿಡಬೇಕಾಗುತ್ತದೆ. ನೀವು ನನಗೆ ಕಳುಹಿಸಿದ ಖರ್ಚಿನ ಪಟ್ಟಿಯಲ್ಲಿ ಗಣಕಗಳಿವೆ, ಫಲಕಗಳಿವೆ, ಬೆಳ್ಳಿಯ ಬಣ್ಣದ ಮೂರು ಬಟ್ಟಲುಗಳಿವೆ. ಆ ಎರಡು ವಾರಗಳು ಎಲ್ಲಿವೆ?