ಒಬ್ಬರಿಗೊಂದು ಕೀಲಿಕೈ

ಉಣಕಲ್ ಕ್ರಾಸಿನಿಂದ ಅಮರಗೋಳದ ಮಾರುಕಟ್ಟೆ ಪ್ರಾಂಗಣದವರೆಗೆ ಇರುವ ಅಂಗಡಿಗಳಲ್ಲಿ ಕೆಂಪು ಬಟ್ಟೆಯ ರಟ್ಟಿನ ಕೀರ್ದಿ ಪುಸ್ತಕಗಳು ಮೂಲೆ ಸೇರಿ ಬಹಳ ದಿನಗಳಾದವು. ಅಡತಿ ಅಂಗಡಿಯ ಲೆಕ್ಕ, ಕಿರಾಣಿ ಅಂಗಡಿಯ ಉದ್ರಿ, ಸಣ್ಣ ಕಾರಖಾನೆಯ ಪಗಾರಪಟ್ಟಿ ಎಲ್ಲವೂ ಇಂದು ಕಂಪ್ಯೂಟರಿನೊಳಗೆ, ಬಹುಮಟ್ಟಿಗೆ ಟ್ಯಾಲಿ ಎಂಬ ತಂತ್ರಾಂಶದೊಳಗೆ ಸೇರಿವೆ. ರಾತ್ರಿ ತಿಜೋರಿಗೆ ಕೀಲಿ ಹಾಕಿ, ಮೂರು ಬಾರಿ ಜಗ್ಗಿ ನೋಡಿ ಮನೆಗೆ ಹೋಗುವ ಮಾಲಕರು ಈ ಲೆಕ್ಕಕ್ಕೆ ಹಾಕಿದ ಕೀಲಿ ಯಾವುದು? ಅನೇಕ ಕಡೆ ಯಾವುದೂ ಇಲ್ಲ. ಇದ್ದಲ್ಲಿ ಒಂದೇ ಪಾಸ್‌ವರ್ಡ್. ಅದು ಮಾಲಕರಿಗೂ ಗೊತ್ತು, ದಿವಾನಜಿಗೂ ಗೊತ್ತು, ಬಿಲ್ಲು ಮಾಡುವ ಹುಡುಗನಿಗೂ ಗೊತ್ತು, ಹೋದ ವರ್ಷ ಕೆಲಸ ಬಿಟ್ಟವನಿಗೂ ಗೊತ್ತು.

ಇದು ಯಂತ್ರ ಬಲ್ಲವರ ವಿಷಯ, ನಮಗೇಕೆ ಎಂದು ಓದುಗರು ಪುಟ ತಿರುವಬಾರದು. ಇದು ನ್ಯಾಯದ ವಿಷಯ. ಹಳೆಯ ಕೀರ್ದಿಯಲ್ಲಿ ಬರೆದವನ ಅಕ್ಷರವೇ ಸಾಕ್ಷಿಯಾಗಿತ್ತು. ತಿದ್ದಿದರೆ ಗೀಟು ಕಾಣುತ್ತಿತ್ತು, ಮಸಿಯ ಬಣ್ಣ ಬೇರೆಯಾಗುತ್ತಿತ್ತು. ಕಂಪ್ಯೂಟರಿನಲ್ಲಿ ಎಲ್ಲರ ಅಕ್ಷರವೂ ಒಂದೇ. ಅಲ್ಲಿ ಯಾವ ಹೆಸರಿನಿಂದ ಒಳಹೊಕ್ಕರು ಎಂಬುದೊಂದೇ ಸಾಕ್ಷಿ. ಆ ಹೆಸರನ್ನು ಐವರು ಹಂಚಿಕೊಂಡರೆ ಸಾಕ್ಷಿ ಸತ್ತಂತೆ. ನಾಳೆ ಹತ್ತು ಸಾವಿರ ರೂಪಾಯಿಯ ಒಂದು ನಮೂದು ಮಾಯವಾದರೆ ಬೆರಳು ಯಾರ ಕಡೆ ತಿರುಗುತ್ತದೆ? ಕಡಿಮೆ ಪಗಾರದವನ ಕಡೆಗೇ. ತಾನು ಮಾಡಿಲ್ಲವೆಂದು ತೋರಿಸಲು ಅವನ ಹತ್ತಿರ ಏನೂ ಇರುವುದಿಲ್ಲ.

ನಮ್ಮ ರಾಜ್ಯದ ಕಂದಾಯ ಇಲಾಖೆ ಇದನ್ನು ಇಪ್ಪತ್ತೈದು ವರ್ಷಗಳ ಹಿಂದೆಯೇ ಅರಿತಿತ್ತು. ತಲಾಟಿಯ ದಪ್ತರದಲ್ಲಿದ್ದ ಪಹಣಿ ಉತಾರಗಳನ್ನು 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿದಾಗ, ಕೇವಲ ಪಾಸ್‌ವರ್ಡನ್ನು ನಂಬಲಿಲ್ಲ. ಹೆಸರು ಬದಲಾಯಿಸುವ ನೌಕರನೂ ಅದಕ್ಕೆ ಒಪ್ಪಿಗೆ ಕೊಡುವ ಅಧಿಕಾರಿಯೂ ಬೆರಳಚ್ಚು ಒತ್ತಿಯೇ ಒಳಹೋಗಬೇಕೆಂದು ಗೊತ್ತುಮಾಡಿದರು. ಪಾಸ್‌ವರ್ಡ್ ಕೊಟ್ಟು ಕಳಿಸಬಹುದು, ಬೆರಳನ್ನು ಕೊಟ್ಟು ಕಳಿಸಲಾಗದು. ಹೊಲದ ತಂಟೆಗಳು ಅದರಿಂದ ಮುಗಿದವೆಂದಲ್ಲ. ಆದರೆ ಉತಾರ ತಿದ್ದಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವ ದಾರಿಯಾಯಿತು.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯ ಉದಾಹರಣೆ ಸಾಕು. 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಬ್ರಾಡಿ ಹೌಸ್ ಶಾಖೆಯ ವಂಚನೆ ಹೊರಬಿತ್ತು. ಮೊತ್ತ ಕೊನೆಗೆ 13,000 ಕೋಟಿ ರೂಪಾಯಿ ದಾಟಿತು. ಪರದೇಶದ ಬ್ಯಾಂಕುಗಳಿಗೆ ಜಾಮೀನು ಸಂದೇಶ ಕಳಿಸುವ 'ಸ್ವಿಫ್ಟ್' ವ್ಯವಸ್ಥೆ ಒಂದು ಕಡೆ, ಬ್ಯಾಂಕಿನ ಮೂಲ ಲೆಕ್ಕದ ತಂತ್ರಾಂಶ ಇನ್ನೊಂದು ಕಡೆ. ಎರಡಕ್ಕೂ ಕೊಂಡಿಯಿರಲಿಲ್ಲ. ಸಂದೇಶಗಳು ಹೋದವು, ಲೆಕ್ಕದಲ್ಲಿ ಏರಲಿಲ್ಲ. 2016ರ ಆಗಸ್ಟಿನಿಂದ ಕನಿಷ್ಠ ಮೂರು ಬಾರಿ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿದ್ದೆವೆಂದು ರಿಸರ್ವ್ ಬ್ಯಾಂಕು ಆಮೇಲೆ ಹೇಳಿತು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ದೊಡ್ಡ ಬ್ಯಾಂಕಿನ ಮಾತು ಬಿಡಿ, ನಮ್ಮ ಅಂಗಡಿಯಲ್ಲಿ ಮಾಡಬೇಕಾದುದೇನು? ಮೊದಲನೆಯದು, ಟ್ಯಾಲಿಯಲ್ಲಿ ಬಳಕೆದಾರರ ನಿಯಂತ್ರಣವೆಂಬ ಆಯ್ಕೆಗೆ 'ಹೌದು' ಎನ್ನಬೇಕು. ಅದನ್ನು ನಾವೇ ಚಾಲೂ ಮಾಡದ ಹೊರತು ಯಾರು ಬೇಕಾದರೂ ಲೆಕ್ಕ ತೆರೆಯಬಹುದು. ಎರಡನೆಯದು, ಪ್ರತಿಯೊಬ್ಬ ನೌಕರನಿಗೂ ಅವನದೇ ಹೆಸರು, ಅವನದೇ ಪಾಸ್‌ವರ್ಡ್ ಕೊಡಬೇಕು. ಒಂದೇ ಕಂಪ್ಯೂಟರಿನ ಪರವಾನಗಿಯಲ್ಲೂ ಇಂಥ ಹೆಸರುಗಳನ್ನು ಎಷ್ಟಾದರೂ ಮಾಡಬಹುದು, ಬಿಡಿಗಾಸಿನ ಖರ್ಚಿಲ್ಲ. ಮೂರನೆಯದು, ಬಿಲ್ಲು ಮಾಡುವವನಿಗೆ ಬಿಲ್ಲಿನಷ್ಟೇ ಅಧಿಕಾರ. ಹಿಂದಿನ ತಾರೀಖಿಗೆ ನಮೂದು ಹಾಕುವುದನ್ನೂ ಹಳೆಯದನ್ನು ತಿದ್ದುವುದನ್ನೂ ತಡೆಯುವ ಏರ್ಪಾಡು ಅದರಲ್ಲೇ ಇದೆ. ನಾಲ್ಕನೆಯದು, ತಿದ್ದುಪಡಿಯ ದಾಖಲೆ ಉಳಿಸಬೇಕು. ನೋಂದಾಯಿತ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಕಾಯದೆಯೇ ಇದನ್ನು ಕಡ್ಡಾಯ ಮಾಡಿದೆ. ಸಣ್ಣ ಅಂಗಡಿಗೆ ಕಡ್ಡಾಯವಿಲ್ಲ, ಆದರೆ ಉಪಯೋಗ ಅಷ್ಟೇ ಇದೆ. ಐದನೆಯದು, ಕೆಲಸ ಬಿಟ್ಟವನ ಹೆಸರನ್ನು ಅದೇ ದಿನ ಮುಚ್ಚಬೇಕು. ಒಂದು ಎಚ್ಚರಿಕೆಯ ಮಾತೂ ಇದೆ: ಲೆಕ್ಕವನ್ನೇ ಗೂಢಲಿಪಿಯಲ್ಲಿಡುವ 'ಟ್ಯಾಲಿವಾಲ್ಟ್' ಪಾಸ್‌ವರ್ಡನ್ನು ಮರೆತರೆ ಲೆಕ್ಕ ಮರಳಿ ಸಿಗುವುದಿಲ್ಲ. ಅದನ್ನು ಬರೆದು ತಿಜೋರಿಯಲ್ಲಿಡಿರಿ, ಕಂಪ್ಯೂಟರಿನ ಮೇಲೆ ಅಂಟಿಸಬೇಡಿರಿ.

ಸರಕಾರದ ಜಿ.ಎಸ್.ಟಿ. ವ್ಯವಹಾರದಲ್ಲಿಯೂ ಇದೇ ಮಾತು. ಸರಕು ಸಾಗಣೆಯ ಇ-ವೇ ಬಿಲ್ ತಾಣದಲ್ಲಿ 2025ರ ಏಪ್ರಿಲ್ 1ರಿಂದ ಪಾಸ್‌ವರ್ಡಿನ ಜೊತೆಗೆ ಮೊಬೈಲಿಗೆ ಬರುವ ಓಟಿಪಿಯೂ ಎಲ್ಲರಿಗೂ ಬೇಕಾಗಿದೆ. ನೌಕರರಿಗೆ ಪ್ರತ್ಯೇಕ ಉಪ-ಹೆಸರು ಮಾಡಿ ಅವರವರ ಮೊಬೈಲ್ ನಂಬರು ಸೇರಿಸಲು ಅಲ್ಲಿ ಅವಕಾಶವಿದೆ. ಹಾಗಿರುವಾಗ ಕರ ಸಲಹೆಗಾರರ ನಂಬರನ್ನೇ ಕೊಟ್ಟು ಸುಮ್ಮನಿರುವ ವ್ಯಾಪಾರಿ ತನ್ನ ಅಂಗಡಿಯ ಕೀಲಿಕೈಯನ್ನು ಇನ್ನೊಬ್ಬರ ಉಡಿಯಲ್ಲಿ ಹಾಕಿದಂತೆ.

ದುಡಿಯುವ ಬಂಧುಗಳಿಗೂ ಒಂದು ಮಾತು. 2014ರಿಂದ ಭವಿಷ್ಯ ನಿಧಿಯ ಪ್ರತಿಯೊಬ್ಬ ಸದಸ್ಯನಿಗೂ ಒಂದು ಖಾಯಂ ನಂಬರಿದೆ. ಗಿರಣಿ ಬದಲಾದರೂ ಗುತ್ತಿಗೆದಾರ ಬದಲಾದರೂ ಆ ನಂಬರು ಬದಲಾಗದು. ಅದಕ್ಕೆ ಜೋಡಿಸಿದ ಮೊಬೈಲು ನಿಮ್ಮದೇ ಆಗಿರಲಿ, ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಅದು ನಿಮ್ಮ ಬೆವರಿನ ದುಡ್ಡು.

"ನಮ್ಮ ಮ್ಯಾಲೆ ನಂಬಿಕಿ ಇಲ್ಲೇನ್ರಿ?" ಎಂದು ಹಳೆಯ ನೌಕರರು ನೊಂದುಕೊಳ್ಳಬಹುದು. ಅವರಿಗೆ ನಮ್ಮ ಉತ್ತರ ಸ್ಪಷ್ಟವಿದೆ: ಸ್ವಂತ ಹೆಸರಿನ ಕೀಲಿಕೈ ನಿಮ್ಮ ಮೇಲಿನ ಸಂಶಯವಲ್ಲ, ನಿಮ್ಮ ಪ್ರಾಮಾಣಿಕತೆಗೆ ಇರುವ ಪುರಾವೆ. ಮಾಲಕರಿಗೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗಿದೆ. ಈ ಕಟ್ಟು ನೌಕರನಿಗೊಂದು, ತಮಗೊಂದು ಆಗಬಾರದು. ಅವರೂ ಅವರ ಮಗನೂ ತಮ್ಮ ತಮ್ಮ ಹೆಸರಿನಿಂದಲೇ ಒಳಹೋಗಬೇಕು. ತಿದ್ದುಪಡಿಯ ದಾಖಲೆಯನ್ನು ತಪ್ಪು ಹೊರಿಸಲ್ಪಟ್ಟವನಿಗೂ ತೋರಿಸಬೇಕು. ಅಕಸ್ಮಾತ್ ಆದ ತಪ್ಪಿಗೆ ಪಗಾರ ಕಡಿಯುವ ಅಸ್ತ್ರವಾಗಿ ಅದನ್ನು ಬಳಸಬಾರದು.

ಇನ್ನೊಬ್ಬರ ಹೆಸರಿನಿಂದ ಒಳಹೋಗಿ ಕೆಲಸ ಮಾಡೆಂದರೆ, ಮೊದಲು ನನ್ನ ಹೆಸರು ಮಾಡಿಕೊಡಿರೆಂದು ದಿವಾನಜಿಗಳೂ ಗುಮಾಸ್ತರೂ ವಿನಯದಿಂದ, ಆದರೆ ಗಟ್ಟಿಯಾಗಿ ಕೇಳಬೇಕು. ವ್ಯಾಪಾರಿ ಮಿತ್ರರು ಕೇಳುವವರೆಗೂ ಕಾಯದೆ ಈ ವಾರವೇ ಮಾಡಿಕೊಡಬೇಕು. ಅರ್ಧ ತಾಸಿನ ಕೆಲಸವಿದು.