ಸೌದೆಗಾದರೆ ಹತ್ತಬಹುದು

ಮೊಳಕಾಲ್ಮೂರು ಸೀಮೆಯಲ್ಲಿ ಮಳೆಗೆ ಬರ, ಕುಡಿಯುವ ನೀರಿಗೆ ಬರ, ಕೂಲಿಗೆ ಬರ. ಗುಡ್ಡಗಳಿಗೆ ಮಾತ್ರ ಬರವಿಲ್ಲ. ಊರ ಹತ್ತಿರವೇ ನುಂಕೆಮಲೆ. ರಾಂಪುರದ ಕಡೆ ಹೊರಟರೆ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ. ಈ ಗುಡ್ಡಗಳನ್ನು ಅತಿ ಹೆಚ್ಚು ಸಲ ಹತ್ತಿ ಇಳಿದವರು ಯಾರು? ಸೌದೆಗೆ ಹೋದವರು, ಮೇಕೆ ಹೊಡೆದುಕೊಂಡು ಹೋದವರು, ಸೀತಾಫಲದ ಕಾಲದಲ್ಲಿ ಬುಟ್ಟಿ ಹೊತ್ತು ಹೋದವರು. ಅಂದರೆ ನಮ್ಮ ಅಜ್ಜಿಯರು, ಅಮ್ಮಂದಿರು. ಬರಿಗಾಲಲ್ಲಿ ಹತ್ತಿ, ತಲೆಯ ಮೇಲೆ ಹೊರೆ ಇಟ್ಟುಕೊಂಡು ಇಳಿದರು. ಆಗ ಯಾರ ಮಾನವೂ ಹೋಗಲಿಲ್ಲ. 'ಹೆಣ್ಣಿಗೆ ಬೆಟ್ಟ ಯಾಕೆ?' ಎಂದು ಯಾವ ಹಿರಿಯರೂ ಕೇಳಲಿಲ್ಲ. ಒಲೆ ಉರಿಯಬೇಕಿತ್ತಲ್ಲ!

ಅದೇ ಅಜ್ಜಿಯ ಮೊಮ್ಮಗಳು ಎಂಟನೇ ತರಗತಿಯಲ್ಲಿದ್ದಾಳೆ. 'ಮೇಷ್ಟ್ರು ಬೆಟ್ಟಕ್ಕೆ ಕರ್ಕೊಂಡು ಹೋಗ್ತಾರಂತೆ, ನಾನೂ ಹೋಗ್ಲಾ?' ಎಂದು ಕೇಳಿದರೆ ಮನೆಯವರೆಲ್ಲ ಒಂದಾಗುತ್ತಾರೆ. 'ಲೋಗಾಂ ಕ್ಯಾ ಬೋಲ್ತೇ?' ಎನ್ನುತ್ತದೆ ನಮ್ಮ ಮೊಹಲ್ಲಾ. ಪಕ್ಕದ ಕೇರಿ ಅದನ್ನೇ ಕನ್ನಡದಲ್ಲಿ ಹೇಳುತ್ತದೆ, ಅದರಾಚೆಯ ಕೇರಿ ತೆಲುಗಿನಲ್ಲಿ. ಭಾಷೆ ಮೂರು, ಮಾತು ಒಂದೇ. ಈ ಒಂದು ವಿಷಯದಲ್ಲಿ ನಮ್ಮ ತಾಲೂಕಿನ ಕೋಮು ಸೌಹಾರ್ದವನ್ನು ಮೆಚ್ಚಲೇಬೇಕು.

ಹಾಗೂ ಹೀಗೂ ಒಪ್ಪಿಗೆ ಸಿಕ್ಕಿತೆನ್ನಿ. ಬಸ್ಸು ಬೆಟ್ಟದ ಬುಡದಲ್ಲಿ ನಿಲ್ಲುತ್ತದೆ. ಗಂಡುಮಕ್ಕಳು ಹೋ ಎಂದು ಮೇಲಕ್ಕೆ ಓಡುತ್ತಾರೆ. ಹೆಣ್ಣುಮಕ್ಕಳು ಕೆಳಗೆ ಮರದ ನೆರಳಲ್ಲಿ ಚಿತ್ರಾನ್ನದ ಡಬ್ಬಿ ಕಾಯುತ್ತಾರೆ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಶಾಲೆಯ ಹೆಸರು ಹೇಳುವುದಿಲ್ಲ. ಒಂದೇ ಶಾಲೆಯಾಗಿದ್ದರೆ ಹೇಳಬಹುದಿತ್ತು.

ನಮ್ಮದು ಒನಕೆ ಓಬವ್ವನ ಜಿಲ್ಲೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತಿದೆ. ಶಾಲಾ ವಾರ್ಷಿಕೋತ್ಸವದಲ್ಲಿ ಹುಡುಗಿಯೊಬ್ಬಳಿಗೆ ಕಚ್ಚೆ ಉಡಿಸಿ, ಕೈಗೆ ಒನಕೆ ಕೊಟ್ಟು, ಹೈದರಾಲಿಯ ಸೈನಿಕರ ತಲೆ ಒಡೆಸುತ್ತೇವೆ. (ಮುಂದಿನ ಸಾಲಿನಲ್ಲಿ ಕೂತು ನಾವೂ ಚಪ್ಪಾಳೆ ತಟ್ಟುತ್ತೇವೆ.) ಪರದೆ ಇಳಿದ ಮೇಲೆ ಅದೇ ಹುಡುಗಿಗೆ ಕೋಟೆಯ ಏರು ಬೇಡ, ಕಾಲು ನೋಯುತ್ತದೆ ಎಂದು ಬುದ್ಧಿ ಹೇಳುತ್ತೇವೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಅಲ್ಲಿ ಕೊರೆದಿರುವ ಮಾತುಗಳಲ್ಲಿ ಒಂದು, ಎತ್ತರಕ್ಕೇರುವುದು ದೊಡ್ಡವರ ಸೊತ್ತಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಾಧ್ಯ ಎಂಬ ಅರ್ಥದ್ದು. ಶಾಸನ ಬರೆದ ಚಪಡನೆಂಬ ಲಿಪಿಕಾರ ಕೊನೆಯಲ್ಲಿ ಒಂದೇ ಒಂದು ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ನಮ್ಮ ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಓದುವ ಲಿಪಿ. ಕನ್ನಡ ಶಾಲೆಯ ಹುಡುಗಿ, ಉರ್ದು ಶಾಲೆಯ ಹುಡುಗಿ ಇಬ್ಬರೂ ಜಟಿಂಗ ರಾಮೇಶ್ವರ ಹತ್ತಿ ಆ ಬಂಡೆಯ ಮುಂದೆ ನಿಂತರೆ ಇತಿಹಾಸದ ಮೇಷ್ಟ್ರ ಅರ್ಧ ಕೆಲಸ ಮುಗಿಯುತ್ತದೆ. ಆದರೆ ಅವರು ಅದನ್ನು ಪುಸ್ತಕದಲ್ಲಿ ಓದಿ ಐದು ಅಂಕ ತೆಗೆದರೆ ಸಾಕು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ.

ಇನ್ನು ನಮ್ಮ ಜಮಾತಿನವರ ಮಾತು. ಹೆಣ್ಣು ಬೆಟ್ಟ ಹತ್ತುವುದು ದೀನಿಗೆ ಹೊರಗಿನದು ಎನ್ನುವವರಿದ್ದಾರೆ. ಹಜ್ಜಿಗೆ ಹೋದವರು ಸಫಾ ಮತ್ತು ಮರ್ವಾ ನಡುವೆ ಏಳು ಸಲ ನಡೆಯುವುದು ಯಾರ ನೆನಪಿಗೆ? ಹಸುಗೂಸಿಗೆ ನೀರು ಹುಡುಕುತ್ತ ಆ ಗುಡ್ಡದಿಂದ ಈ ಗುಡ್ಡಕ್ಕೆ ಓಡಿದ ಹಝ್ರತ್ ಹಾಜಿರಾ ಅವರ ನೆನಪಿಗೆ. ಇಂದು ಅಲ್ಲಿ ಹಸಿರು ದೀಪಗಳ ನಡುವೆ ಗಂಡಸರು ಓಡುತ್ತಾರೆ, ಹೆಂಗಸರು ನಡೆಯುತ್ತಾರೆ. ಅಂದು ಓಡಿದವರು ತಾಯಿ. ಹಿಜ್ರತ್ತಿನ ದಿನಗಳಲ್ಲಿ ಸೌರ್ ಬೆಟ್ಟದ ಗುಹೆಯಲ್ಲಿದ್ದವರಿಗಾಗಿ ನಡುಪಟ್ಟಿ ಹರಿದು ಬುತ್ತಿ ಕಟ್ಟಿದವರು ಹಝ್ರತ್ ಅಸ್ಮಾ. ಇದನ್ನೆಲ್ಲ ಬಯಾನಿನಲ್ಲಿ ಕಣ್ಣೀರು ತುಂಬಿ ಕೇಳಿ, ಮನೆಗೆ ಬಂದು ಮಗಳಿಗೆ ಬಾಗಿಲು ಹಾಕುವುದು ಯಾವ ನ್ಯಾಯ?

2005ರಲ್ಲೇ ಇರಾನಿನ ಇಬ್ಬರು ಹೆಂಗಸರು ಎವರೆಸ್ಟ್ ಏರಿದರು. 2013ರಲ್ಲಿ ಸೌದಿಯ ರಹಾ ಮುಹರ್ರಕ್ ಏರಿದರು. ಅದೇ ವರ್ಷ ಪಾಕಿಸ್ತಾನದ ಸಮೀನಾ ಬೇಗ್ ಏರುವಾಗ ಜೊತೆಗಿದ್ದ ಅಣ್ಣ ಮಿರ್ಝಾ ಅಲಿ ಶಿಖರಕ್ಕೆ ಸ್ವಲ್ಪ ಕೆಳಗೇ ನಿಂತು, ತಂಗಿ ತಾನಾಗಿ ತುದಿ ಮುಟ್ಟಲೆಂದು ಬಿಟ್ಟುಕೊಟ್ಟರು. ನಮ್ಮ ಭಾಯಿಗಳಿಗೆ ಅಷ್ಟು ದೂರ ಬೇಡ. ತಂಗಿಯನ್ನು ನುಂಕೆಮಲೆಯವರೆಗೆ ಬಿಟ್ಟು ಬಂದರೂ ಸಾಕು.

'ಕರಡಿ ಇದೆ' ಎನ್ನುತ್ತಾರೆ. ಇದೆ. ಕರಡಿಗೆ ಗಂಡು ಹೆಣ್ಣೆಂಬ ಭೇದ ಗೊತ್ತಿಲ್ಲ. ಗಂಡುಮಕ್ಕಳನ್ನು ಕಳಿಸುವಾಗ ಅದರ ನೆನಪು ಯಾಕೆ ಬರುವುದಿಲ್ಲ? 'ಕುಡಿದು ಕೂರುವ ಪುಂಡರಿರುತ್ತಾರೆ' ಎನ್ನುತ್ತಾರೆ. ಹಾಗಿದ್ದರೆ ಮನೆಯಲ್ಲಿ ಕೂರಿಸಬೇಕಾದ್ದು ಪುಂಡರನ್ನು. 'ಬೆಟ್ಟದ ಮೇಲೆ ದೇವರಿದೆ, ಹುಡುಗಿ ಹೊರಗಾಗಿದ್ದರೆ ಏನು ಗತಿ?' ಎಂಬ ಮಾತೂ ಇದೆ. ಈ ಮಾತಿನ ಹೆಸರಿನಲ್ಲೇ ನಮ್ಮ ಭಾಗದ ಕೆಲವು ಹಟ್ಟಿಗಳಲ್ಲಿ ಹೆಣ್ಣುಮಕ್ಕಳನ್ನು ಊರಾಚೆ ಮಲಗಿಸುತ್ತಾ ಬಂದವರಿಗೆ, ಆಗ ರಾತ್ರಿಯ ಚಳಿ, ಹಾವು, ಪುಂಡರು ಯಾವುದೂ ಕಾಣಲಿಲ್ಲ. ಕೇರಳದ ಅಗಸ್ತ್ಯಕೂಡದಲ್ಲೂ ಹೆಂಗಸರಿಗೆ ತಡೆಯಿತ್ತು. 2018ರಲ್ಲಿ ಹೈಕೋರ್ಟು ಅದನ್ನು ತೆಗೆಯಿತು, 2019ರ ಜನವರಿಯಲ್ಲಿ ಧನ್ಯಾ ಸನಲ್ ಹತ್ತಿ ಬಂದರು. ಬೆಟ್ಟ ಅಲ್ಲೇ ಇದೆ.

ಇದೆಲ್ಲ ಶನಿವಾರ ರಾತ್ರಿ ಬೆಂಗಳೂರಿನಿಂದ ಬಸ್ಸು ಹತ್ತುವವರ ಆಟ, ಸಾವಿರಾರು ರೂಪಾಯಿಯ ಬೂಟು ನಮಗೆಲ್ಲಿ ಬರಬೇಕು ಎಂದು ಓದಿದವರೇ ನಮಗೆ ಹೇಳಿದ್ದುಂಟು. ಅವರಿಗೆ ಮಾಲಾವತ್ ಪೂರ್ಣಾಳ ಹೆಸರು ನೆನಪಿಸುತ್ತೇವೆ. ನಿಜಾಮಾಬಾದ್ ಕಡೆಯ ಕೂಲಿ ಮಾಡುವ ಲಂಬಾಣಿ ಕುಟುಂಬದ ಹುಡುಗಿ. ಓದುತ್ತಿದ್ದದ್ದು ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಯಲ್ಲಿ. ಹತ್ತಲು ಕಲಿತದ್ದು ಭುವನಗಿರಿಯ ಬೋಳು ಬಂಡೆಯ ಮೇಲೆ. ನಮ್ಮ ಬಂಡೆಗಳಿಗೂ ಅದಕ್ಕೂ ಏನು ವ್ಯತ್ಯಾಸ? 2014ರ ಮೇ 25ರಂದು ಎವರೆಸ್ಟ್ ಮೇಲೆ ನಿಂತಾಗ ಆಕೆಗೆ ಇನ್ನೂ 14 ತುಂಬಿರಲಿಲ್ಲ. ನಮ್ಮ ಹುಬ್ಬಳ್ಳಿಯ ನಂದಿತಾ ನಾಗನಗೌಡರ್ 2016ರಲ್ಲಿ ಅಲ್ಲಿಗೆ ಹೋಗಿ ಬಂದರು. ಪೂರ್ಣಾಳ ಬೆನ್ನಿಗೆ ಸರ್ಕಾರಿ ಶಾಲೆಯೊಂದು ನಿಂತಿತ್ತು ಎಂಬುದನ್ನು ನಮ್ಮ ಮೊರಾರ್ಜಿ ಶಾಲೆಗಳನ್ನು ನಡೆಸುವವರು ಗಮನಿಸಬೇಕು.

ನಾವು ಎವರೆಸ್ಟ್ ಕೇಳುತ್ತಿಲ್ಲ. ದಿನವಿಡೀ ಮಗ್ಗದ ಮನೆಯಲ್ಲಿ ಅಮ್ಮನ ಜೊತೆ ರೇಷ್ಮೆ ನೂಲು ಸುತ್ತುವ ಹುಡುಗಿ ವರ್ಷಕ್ಕೊಮ್ಮೆ ತನ್ನೂರನ್ನು ಮೇಲಿನಿಂದ ನೋಡಲಿ, ಅಷ್ಟೇ. ತಲೆಯ ಮೇಲೆ ಹೊರೆಯಿಲ್ಲದೆ ಹತ್ತಲಿ. ತಲೆಯ ಮೇಲೆ ಓಢಣಿ ಇರಬೇಕೋ ಬೇಡವೋ ಅವಳಿಗೆ ಬಿಡಿ. ಸಡಿಲ ಚೂಡಿದಾರ್, ಜಾರದ ಚಪ್ಪಲಿ ಇದ್ದರೆ ನಮ್ಮ ಗುಡ್ಡಗಳಿಗೆ ಸಾಕು. ಜೊತೆಗೊಬ್ಬರು ಟೀಚರಮ್ಮ, ದಾರಿ ಬಲ್ಲ ಕುರಿಗಾಹಿಯೊಬ್ಬರು, ತಲೆಗೆರಡು ಬಾಟಲಿ ನೀರು. ಬುಡದಲ್ಲಿ ಬಾಗಿಲಿರುವ ಒಂದು ಶೌಚಾಲಯ. ಇದು ಪಂಚಾಯ್ತಿಯ ಕೆಲಸ, ನೆಪ ಹೇಳುವುದು ಬೇಡ. ಮಳೆಗಾಲ ಮುಗಿದ ಮೇಲೆ, ಬಿಸಿಲೇರುವ ಮುಂಚೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸು. ಈ ವರ್ಷ ಶಾಲಾ ಸಮಿತಿಗಳು ಪ್ರವಾಸದ ಪಟ್ಟಿ ಮಾಡುವಾಗ ಹೆಣ್ಣುಮಕ್ಕಳ ಹೆಸರು ಮೊದಲು ಬರೆಯಲಿ. ಚಿತ್ರಾನ್ನದ ಡಬ್ಬಿಯನ್ನು ಗಂಡುಮಕ್ಕಳು ಕಾಯಬಹುದು.