ಹೆರಿಗೆಯ ಲೆಕ್ಕ ಸಾಲದು, ದಾರಿಯ ಲೆಕ್ಕವೂ ಬೇಕು

ಹೆರಿಗೆ ಕಡಿಮೆ ಆಗುವ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞ ವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಸೇರಿಸಿ, ಅಲ್ಲಿ ಹಗಲೂ ರಾತ್ರಿ ಹೆರಿಗೆ, ಸಿಸೇರಿಯನ್, ನವಜಾತ ಶಿಶುವಿನ ಆರೈಕೆ ಸಿಗುವಂತೆ ಮಾಡುವುದು ರಾಜ್ಯದ ಆರೋಗ್ಯ ಇಲಾಖೆ 2025ರಲ್ಲಿ ಹಿಡಿದ ದಾರಿ. ತಾಯಂದಿರ ಸಾವನ್ನು ತಗ್ಗಿಸುವುದು ಅದರ ಗುರಿ. ಗುರಿಯ ಬಗ್ಗೆ ಯಾರ ತಕರಾರೂ ಇರಲಾರದು. ಆದರೆ ಹೋಬಳಿಯ ಜನಕ್ಕೆ ಕಾಣುವುದು ಬೇರೆ: ನಿನ್ನೆಯವರೆಗೆ ಇದ್ದ ಹೆರಿಗೆ ಡಾಕ್ಟರು ಇಂದು ಇಲ್ಲ, ಮಕ್ಕಳ ಡಾಕ್ಟರ ಕೋಣೆಗೆ ಬೀಗ. ಯಾಕೆ ಹೋದರು, ಅವರ ಬದಲಿಗೆ ನಮಗೆ ಏನು ಉಳಿಯಿತು ಎಂದು ಹೇಳುವವರಿಲ್ಲದಿದ್ದರೆ ಸಿಟ್ಟು ಸಹಜ.

ಮೊದಲು ಇಲಾಖೆಯ ವಾದವನ್ನು ನ್ಯಾಯವಾಗಿ ಕೇಳೋಣ. ಒಂದು ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರು ಒಬ್ಬರೇ ಇದ್ದರೆ ಅವರು ವರ್ಷಪೂರ್ತಿ ರಾತ್ರಿ ಹಗಲು ದುಡಿಯಲಾರರು. ಅವರಿಗೂ ವಾರದ ರಜೆ, ತರಬೇತಿ, ಜ್ವರ, ಮನೆಯ ಮದುವೆ ಇರುತ್ತವೆ. ಅವರು ಇದ್ದ ದಿನವೂ ಅರಿವಳಿಕೆ ತಜ್ಞರು ಇಲ್ಲದಿದ್ದರೆ ಸಿಸೇರಿಯನ್ ಮಾಡುವಂತಿಲ್ಲ. ಇಬ್ಬರೂ ಇದ್ದು ರಕ್ತ ಇಲ್ಲದಿದ್ದರೆ ಕಷ್ಟದ ಹೆರಿಗೆಗೆ ಕೈ ಹಾಕಲು ಯಾವ ವೈದ್ಯರಿಗೂ ಧೈರ್ಯ ಬರುವುದಿಲ್ಲ. ಹೀಗೆ ಒಬ್ಬೊಬ್ಬ ತಜ್ಞರು ಒಂದೊಂದು ಕಡೆ ಚದುರಿ ಕೂತರೆ ಎಲ್ಲಿಯೂ ಪೂರ್ತಿ ತಂಡ ಆಗುವುದಿಲ್ಲ; ಎಲ್ಲ ಕಡೆಯಿಂದಲೂ ‘ಮುಂದಕ್ಕೆ ಕರಕೊಂಡು ಹೋಗಿ’ ಎಂಬ ಚೀಟಿ ಮಾತ್ರ ಸಿಗುತ್ತದೆ. ಒಂದು ತಾಲ್ಲೂಕಿನಲ್ಲಿ ಒಂದಾದರೂ ಜಾಗದಲ್ಲಿ ಪೂರ್ತಿ ತಂಡ ಯಾವಾಗಲೂ ಸಿದ್ಧವಿರಲಿ ಎಂಬುದು ವೈದ್ಯಕೀಯವಾಗಿ ಸರಿಯಾದ ಮಾತು.

ಇಲಾಖೆಯ ಈ ನಡೆಗೆ ಕಾರಣವೂ ಇದೆ. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆಶಾ ಕಾರ್ಯಕರ್ತೆಯರು, ಹಳ್ಳಿಯ ಸಿಸ್ಟರ್‌ಗಳು, 2008ರ ನವೆಂಬರ್ 1ರಂದು ನಮ್ಮಲ್ಲಿ ಓಡಾಟ ಶುರು ಮಾಡಿದ 108 ಆಂಬುಲೆನ್ಸ್ ಎಲ್ಲರ ಪಾಲೂ ಅದರಲ್ಲಿದೆ. ಆದರೂ ಅದೇ ಅವಧಿಯಲ್ಲಿ ಕೇರಳ 19ಕ್ಕೆ, ತೆಲಂಗಾಣ 43ಕ್ಕೆ, ಆಂಧ್ರ 45ಕ್ಕೆ, ತಮಿಳುನಾಡು 54ಕ್ಕೆ ಬಂದಿದ್ದವು. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕೊನೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿತು. ಏನಾದರೂ ಮಾಡಲೇಬೇಕಿತ್ತು.

ನನ್ನ ತಕರಾರು ಅಳತೆಗೋಲಿನ ಬಗ್ಗೆ. ತಿಂಗಳಿಗೆ ಎಷ್ಟು ಹೆರಿಗೆ ಎಂಬುದೊಂದನ್ನೇ ನೋಡಿ ತಜ್ಞರನ್ನು ಎತ್ತಿದರೆ ಆ ಸಂಖ್ಯೆ ಯಾಕೆ ಕುಸಿಯಿತು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಸಮುದಾಯ ಆರೋಗ್ಯ ಕೇಂದ್ರ ಎಂದರೆ 30 ಹಾಸಿಗೆಯ ಆಸ್ಪತ್ರೆ. ಬಯಲು ಸೀಮೆಯಲ್ಲಿ 1.2 ಲಕ್ಷ ಜನಕ್ಕೆ, ಗುಡ್ಡಗಾಡಿನಲ್ಲಿ 80,000 ಜನಕ್ಕೆ ಒಂದು ಇರಬೇಕು. ಅಲ್ಲಿ ಶಸ್ತ್ರಚಿಕಿತ್ಸೆ, ಸಾಮಾನ್ಯ ಕಾಯಿಲೆ, ಹೆರಿಗೆ, ಮಕ್ಕಳು, ಅರಿವಳಿಕೆ ಹೀಗೆ ಒಂದೊಂದಕ್ಕೂ ತಜ್ಞರಿರಬೇಕು. ಇದು ಕಾಗದದ ಮಾತು. 2022ರ ಮಾರ್ಚ್‌ನ ಕೇಂದ್ರ ಸರ್ಕಾರದ ಅಂಕಿಅಂಶದಂತೆ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞರ ಪೈಕಿ ಶೇ 80ರಷ್ಟು ಮಂದಿ ಇರಲೇ ಇಲ್ಲ. ನಮ್ಮಲ್ಲಿ ಆಸ್ಪತ್ರೆ ‘ಮೇಲ್ದರ್ಜೆಗೆ’ ಏರಿದ ದಿನ ಹೊಸ ಬೋರ್ಡು ಬರುತ್ತದೆ, ರಿಬ್ಬನ್ ಕತ್ತರಿಸಲಾಗುತ್ತದೆ. ಹುದ್ದೆ ಮಂಜೂರಾಗುವುದು, ಮಂಜೂರಾದ ಹುದ್ದೆಗೆ ಜನ ಬರುವುದು ಎಷ್ಟೋ ವರ್ಷದ ಮೇಲಿನ ಮಾತು. ಎರಡು ಸಲ ಹೋದಾಗ ‘ಡಾಕ್ಟರಿಲ್ಲ’ ಎಂದು ವಾಪಸು ಕಳಿಸಿದ ಕಡೆಗೆ ಮೂರನೇ ಸಲ ಯಾವ ಅತ್ತೆ ಸೊಸೆಯನ್ನು ಕರೆತರುತ್ತಾಳೆ? ಸಾಲ ಮಾಡಿಯಾದರೂ ಪೇಟೆಯ ನರ್ಸಿಂಗ್ ಹೋಮಿಗೆ ಹೋಗುತ್ತಾರೆ. ವೈದ್ಯರಿಲ್ಲದೆ ಹೆರಿಗೆ ಕಡಿಮೆಯಾಯಿತು; ಹೆರಿಗೆ ಕಡಿಮೆ ಎಂದು ಇದ್ದ ವೈದ್ಯರೂ ಹೊರಟರು. ಇಲಾಖೆಯ ಕೊರತೆಗೆ ಊರು ದಂಡ ಕಟ್ಟಿದಂತಾಯಿತು.

ಎರಡನೆಯ ಪ್ರಶ್ನೆ ಹೊತ್ತಿನದು. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯದೆ ರಕ್ತ ಹರಿಯತೊಡಗಿದರೆ, ಚಿಕಿತ್ಸೆ ಸಿಗದ ತಾಯಿ ಎರಡು ಗಂಟೆಯೊಳಗೆ ಸಾಯಬಹುದು. ತಾಯಂದಿರ ಸಾವನ್ನು ಅಧ್ಯಯನ ಮಾಡಿದ ಥ್ಯಾಡಿಯಸ್ ಮತ್ತು ಮೇನ್ 1994ರಲ್ಲೇ ಮೂರು ತಡಗಳನ್ನು ಗುರುತಿಸಿದರು: ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ ತಡ, ಹೋಗಿ ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ತಜ್ಞರನ್ನು ತಾಲ್ಲೂಕಿಗೆ ಸೇರಿಸುವ ಯೋಜನೆ ಮೂರನೆಯ ತಡಕ್ಕೆ ಮದ್ದು. ಆದರೆ ಎರಡನೆಯ ತಡವನ್ನು ಅದು ಹೆಚ್ಚಿಸುತ್ತದೆ. ದಾರಿ ಚಿಕ್ಕದಿದ್ದ ಕಡೆ ಲಾಭ ಜಾಸ್ತಿ, ದಾರಿ ದೊಡ್ಡದಿದ್ದ ಕಡೆ ನಷ್ಟ ಜಾಸ್ತಿ. ಹೀಗಾಗಿ ಒಂದೇ ನಿಯಮ ಇಡೀ ರಾಜ್ಯಕ್ಕೆ ಒಪ್ಪುವುದಿಲ್ಲ.

ದಾರಿ ಎಂದರೆ ಏನು ಎಂಬುದನ್ನು ಶರಾವತಿ ಹಿನ್ನೀರಿನ ಜನರನ್ನು ಕೇಳಬೇಕು. ಲಿಂಗನಮಕ್ಕಿ ಅಣೆಕಟ್ಟು ಮೇಲೆದ್ದಾಗಿನಿಂದ ತುಮರಿ ಸುತ್ತಿನ ಹಳ್ಳಿಗಳಿಗೆ ಸಾಗರ ಪೇಟೆ ನೀರಿನ ಆಚೆ ದಡದ ಊರಾಯಿತು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಕಾಯಿಲೆಯವರನ್ನು ಕಾಡುದಾರಿಯಲ್ಲಿ ಸುತ್ತು ಹಾಕಿ ಒಯ್ಯಬೇಕಿತ್ತು, ಇಲ್ಲವೇ ಬೆಳಗಾಗುವುದನ್ನು ಕಾಯಬೇಕಿತ್ತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆದ ಮೇಲೆ ಆ ಊರುಗಳಿಗೆ ಸಾಗರದ ಆಸ್ಪತ್ರೆ ಹತ್ತಿರ ಬಂತು. ಆಸ್ಪತ್ರೆ ಇದ್ದಲ್ಲೇ ಇತ್ತು, ಬದಲಾದದ್ದು ದಾರಿ. ಹೀಗೆ ಸೇತುವೆ ಆದ ಕಡೆ ತಜ್ಞರನ್ನು ತಾಲ್ಲೂಕಿಗೆ ಸೇರಿಸಿದರೆ ಸಹಿಸಬಹುದು. ಆದರೆ ಆಷಾಢದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ, ಘಟ್ಟದಲ್ಲಿ ಗುಡ್ಡ ಜರಿಯುವ, ಫೋನಿಗೆ ಸಿಗ್ನಲ್ಲೇ ಸಿಗದೆ 108ಕ್ಕೆ ಕರೆ ಮಾಡಲೂ ಆಗದ ಹೋಬಳಿಗಳು ಮಲೆನಾಡಿನಲ್ಲೂ ಕರಾವಳಿಯ ಒಳನಾಡಿನಲ್ಲೂ ಇನ್ನೂ ಇವೆ. ಅಂಥ ಕಡೆ ತಿಂಗಳಿಗೆ ಹತ್ತೇ ಹೆರಿಗೆಯಾದರೂ ಆ ಹತ್ತು ತಾಯಂದಿರಿಗೆ ಬೇರೆ ಗತಿಯಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಪ್ರತಿ ಕೇಂದ್ರದ ಬಗ್ಗೆ ತೀರ್ಮಾನಿಸುವಾಗ ಹೆರಿಗೆಯ ಸಂಖ್ಯೆಯ ಪಕ್ಕದಲ್ಲೇ, ಆ ವ್ಯಾಪ್ತಿಯ ಕಟ್ಟಕಡೆಯ ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಮಳೆಗಾಲದ ರಾತ್ರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ಬರೆಯಲಿ. ಒಂದು ಗಂಟೆ ಮೀರುವ ಕಡೆಗಳಿಂದ ತಜ್ಞರನ್ನು ಎತ್ತಬಾರದು. ಎತ್ತಲೇಬೇಕಾದರೆ ಮೊದಲು ಬದಲಿ ಏರ್ಪಾಡು ಆಗಲಿ, ಆಮೇಲೆ ವರ್ಗಾವಣೆಯ ಆದೇಶ ಬರಲಿ. ಎಂಬಿಬಿಎಸ್ ವೈದ್ಯರಿಗೆ ಅರಿವಳಿಕೆಯಲ್ಲಿ 18 ವಾರ, ತುರ್ತು ಹೆರಿಗೆ ಚಿಕಿತ್ಸೆಯಲ್ಲಿ 16 ವಾರ ತರಬೇತಿ ಕೊಟ್ಟು ಸಿದ್ಧಗೊಳಿಸುವ ಕ್ರಮವನ್ನು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವೇ ರೂಪಿಸಿತ್ತು. ದೂರದ ಕೇಂದ್ರಗಳಿಗೆ ಅಂಥ ವೈದ್ಯರನ್ನು ಕೊಡಬಹುದು. ಅಲ್ಲೊಂದು ರಕ್ತ ಸಂಗ್ರಹ ಘಟಕವೂ ಬೇಕು; ಅದಕ್ಕೆ ದೊಡ್ಡ ರಕ್ತನಿಧಿಯ ಅಗತ್ಯವಿಲ್ಲ. ಹತ್ತಿರದ ರಕ್ತನಿಧಿಯಿಂದ ತಂದ ರಕ್ತವನ್ನು 2ರಿಂದ 6 ಡಿಗ್ರಿ ತಂಪಿನಲ್ಲಿ ಇಡಬಲ್ಲ ಫ್ರಿಜ್ಜು, ಕರೆಂಟ್ ಹೋದಾಗ ಅದನ್ನು ನಡೆಸುವ ಜನರೇಟರ್, ಗುಂಪು ಹೊಂದಿಸಿ ನೋಡುವ ಲ್ಯಾಬ್ ಟೆಕ್ನಿಷಿಯನ್ ಇದ್ದರೆ ಸಾಕು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೂ ತಂಪು ಬೇಕು; ಮೂರು ದಿನ ಕರೆಂಟ್ ಇಲ್ಲದ ಊರಿನಲ್ಲಿ ಅದರ ಶಕ್ತಿ ಉಳಿದಿದೆಯೇ ಎಂದು ಯಾರಾದರೂ ನೋಡಬೇಕು. ತಮಿಳುನಾಡಿನ ಬುಡಕಟ್ಟು ಪ್ರದೇಶಗಳಲ್ಲಿ, ಒಡಿಶಾದ ‘ಮಾ ಗೃಹ’ಗಳಲ್ಲಿ ದಿನ ತುಂಬಿದ ಗರ್ಭಿಣಿಯರು ಹೆರಿಗೆಗೆ ಮುಂಚೆಯೇ ಬಂದು ಉಳಿಯುವ ಏರ್ಪಾಡಿದೆ. ನಮ್ಮ ತಾಲ್ಲೂಕು ಆಸ್ಪತ್ರೆಗಳ ಆವರಣದಲ್ಲೂ, ಜೊತೆಗೆ ಬಂದ ತಾಯಿಗೋ ಅತ್ತೆಗೋ ಊಟ, ಮಲಗುವ ಜಾಗ ಸಮೇತ, ಅಂಥ ಕೋಣೆಗಳು ಬೇಕು.

ತಜ್ಞರು ಹೋದ ಕೇಂದ್ರವನ್ನು ಖಾಲಿ ಬಿಡುವುದಂತೂ ಕೂಡದು. ಸಹಜ ಹೆರಿಗೆ ಅಲ್ಲಿ ಆಗಲೇಬೇಕು. ರಾತ್ರಿ ಬಾಗಿಲು ತಟ್ಟಿದರೆ ಸಿಸ್ಟರ್ ಮತ್ತು ವೈದ್ಯಾಧಿಕಾರಿ ಇರಬೇಕು. ಹಾವು ಕಡಿದವರಿಗೆ ಚುಚ್ಚುಮದ್ದು, ಬಿಪಿ ಸಕ್ಕರೆ ಕಾಯಿಲೆಯವರಿಗೆ ತಿಂಗಳ ಮಾತ್ರೆ, ಮಕ್ಕಳಿಗೆ ಲಸಿಕೆ ತಪ್ಪಬಾರದು. ಆಂಬುಲೆನ್ಸ್ ಅದೇ ಆವರಣದಲ್ಲಿ ನಿಲ್ಲಬೇಕು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಒಯ್ಯುವುದು, ಹೆತ್ತ ಮೇಲೆ ಮನೆಗೆ ಬಿಡುವುದು ಎರಡೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಅದು ತಾಯಿಯ ಹಕ್ಕು. ಕಳಿಸುವ ಮುನ್ನ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ, ‘ಇಂಥವರು ಬರುತ್ತಿದ್ದಾರೆ, ಸಿದ್ಧವಾಗಿರಿ’ ಎಂದು ಹೇಳುವುದು ಕಡ್ಡಾಯವಾಗಲಿ.

ಓದುಗರಲ್ಲಿ ಒಂದು ಮಾತು. ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ನಿಮ್ಮ ಹೋಬಳಿಯ ಸಮಿತಿಯಲ್ಲಿ ಯಾರಿದ್ದಾರೆ, ಸಭೆ ಯಾವಾಗ ನಡೆಯಿತು ಎಂದು ಹೋಗಿ ಕೇಳಿ. ಯಾವ ಸೇವೆ ಉಳಿದಿದೆ, ಯಾವುದು ಎಲ್ಲಿಗೆ ಹೋಗಿದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ. ಡಾಕ್ಟರು ಹೋದ ಮೇಲೆ ಧರಣಿ ಕೂರುವುದಕ್ಕಿಂತ, ಅವರು ಇರುವಾಗಲೇ ಕೇಂದ್ರವನ್ನು ಬಳಸಿ, ಕೊರತೆಯನ್ನು ಬರೆದು ಕೊಟ್ಟು, ಉತ್ತರ ಪಡೆಯುವುದು ಹೆಚ್ಚು ಫಲ ಕೊಡುತ್ತದೆ. ಸರ್ಕಾರ ತಜ್ಞರನ್ನು ಒಂದೆಡೆ ಸೇರಿಸಲಿ; ಆದರೆ ಅದಕ್ಕೆ ಮುನ್ನ ಕಟ್ಟಕಡೆಯ ಹಳ್ಳಿಯ ಗರ್ಭಿಣಿ ಅಲ್ಲಿಗೆ ಜೀವಸಹಿತ ತಲುಪುವ ದಾರಿಯನ್ನು ಖಾತರಿ ಮಾಡಲಿ.